ಜ್ವರದ ದ್ವೀಪದ ಕಾವಲು

ಡಗನ್ಸ್ ಲ್ಯಾಂಡಿಂಗ್, ನ್ಯೂ ಬ್ರನ್ಸ್‌ವಿಕ್
೯ ಜೂನ್ ೧೯೧೨

ತಮ್ಮ ಮ್ಯಾಲಕಿಗೆ ಅಕ್ಕ ಸ್ಟೇಷಿಯಾಳ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಬಾಸ್ಟನ್ನಿನ ಐರಿಷ್ ಸಂಘದವರು ನಿನ್ನನ್ನು ಸ್ಮಾರಕ ಸಮಿತಿಗೆ ಕಾರ್ಯದರ್ಶಿ ಮಾಡಿದರೆಂದು ತಿಳಿದು ನನ್ನ ಗಂಡ ಊರೆಲ್ಲ ಸಾರಿಕೊಂಡು ಬಂದ. "ಟ್ರಾಮಲ್ಲಿ ಟಿಕೆಟ್ ಹರಿಯೋ ನನ್ನ ಬಾಮೈದ ಈಗ ಬಿಷಪ್ ಜೊತೆ ಕೂತು ಚಹಾ ಕುಡೀತಾನೆ ಕಣ್ರೋ" ಅಂತ. ಫಿಂಟನ್ ಬಾಯಿ ನಿನಗೆ ಗೊತ್ತೇ ಇದೆ. ನನಗೂ ಹೆಮ್ಮೆಯಾಯಿತು. ಆದರೆ ಈ ಕಾಗದ ಬರೆಯಲು ಕೂತದ್ದು ಹೆದರಿಕೆಯಿಂದ.

ಅಮ್ಮ ಊಟ ಬಿಟ್ಟಿದ್ದಾಳೆ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಕವನಾ ನಿಮ್ಮ ಸಮಿತಿಯ ಪ್ರಕಟಣೆ ಓದಿದರು. ಆಗಸ್ಟ್ ಹದಿನೈದು, ಮಾತೆಯ ಹಬ್ಬದ ದಿನ, ದ್ವೀಪದಲ್ಲಿ ಕಲ್ಲಿನ ಶಿಲುಬೆಯ ಅನಾವರಣ ಎಂದರು. ಅಲ್ಲಿಯವರೆಗೆ ಅಮ್ಮನ ಮುಖ ಅರಳಿಕೊಂಡೇ ಇತ್ತು. ಆಮೇಲೆ, ಹಡಗಿನ ಜ್ವರಕ್ಕೆ ಸತ್ತವರನ್ನು ಹೂತ ಆ ನೆಲಕ್ಕೆಲ್ಲ ಕಲ್ಲು ಚಪ್ಪಡಿ ಹಾಸಿ, ಸುತ್ತ ಕಬ್ಬಿಣದ ಬೇಲಿ ಹಾಕಿ, ಇನ್ನು ಮುಂದೆ ಅಲ್ಲಿ ಯಾರನ್ನೂ ಹೂಳದ ಹಾಗೆ ಮುಚ್ಚಲಾಗುವುದು ಎಂದು ಓದಿದರು. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಉಗುರಿನ ಗುರುತು ಇನ್ನೂ ಇದೆ.

ಬಾಸ್ಟನ್ನಿಗೆ ಹೋದ ಮೇಲೆ ನೀನು ಮರೆತಿದ್ದರೆ ನೆನಪಿಸುತ್ತೇನೆ. ಸ್ಮಶಾನದಲ್ಲಿ ಕೊನೆಗೆ ಹೂತವರು ಮುಂದಿನ ಹೆಣ ಬರುವವರೆಗೂ ಬಾಗಿಲಲ್ಲಿ ನಿಂತು ಕಾಯಬೇಕು. ಹೊಸಬರು ಬಂದ ಮೇಲೆಯೇ ಹಳಬರಿಗೆ ಮಲಗುವ ಭಾಗ್ಯ. ಒಂದೇ ದಿನ ಎರಡು ಹೆಣ ಹೊರಟರೆ ಹೊತ್ತವರು ಇವತ್ತಿಗೂ ನಾ ಮುಂದೆ ತಾ ಮುಂದೆ ಎಂದು ಓಡುವುದು ಅದಕ್ಕೇ ಅಲ್ಲವೇ? ದ್ವೀಪದಲ್ಲಿ ಕೊನೆಗೆ ಹೂತದ್ದು ಅಮ್ಮನ ಅಕ್ಕ ನೋನಿಯನ್ನು. ಆಗ ನೋನಿಗೆ ಒಂಬತ್ತು ವರ್ಷ, ಅಮ್ಮನಿಗೆ ಏಳು. ಆ ವಾರವೇ, ಹಡಗಿನಿಂದ ಇಳಿದ ರೋಗಿಗಳನ್ನು ಇರಿಸಿದ್ದ ಜ್ವರದ ಷೆಡ್ಡುಗಳನ್ನು ಮುಚ್ಚಿದರು. ಆಮೇಲೆ ಊರಿನವರು ಆ ಮಣ್ಣಿಗೆ ಯಾರನ್ನೂ ಒಯ್ಯಲಿಲ್ಲ. ಅರವತ್ತೈದು ವರ್ಷವಾಯಿತು.

"ಕೋಳಿಗೂಡಿಗೆ ಒಬ್ಬಳೇ ಹೋಗೋಕೂ ಹೆದರೋಳು ಕಣೇ ನೋನಿ," ಎಂದಳು ಅಮ್ಮ. "ನಾನು ಸತ್ತಾಗ ಅಲ್ಲಿಗೇ ಒಯ್ತೀರ, ಅವಳನ್ನ ಬಿಡಿಸ್ತೀನಿ ಅಂತ ಇಷ್ಟು ವರ್ಷ ಧೈರ್ಯವಾಗಿದ್ದೆ. ಈಗ ನೋಡಿದ್ರೆ ಅವಳನ್ನ ಹೊರಗೇ ನಿಲ್ಲಿಸಿ ಬಾಗಿಲು ಜಡೀತಾರಂತೆ. ಅಷ್ಟರೊಳಗೆ ನಾನು ಹೋಗ್ಬೇಕು."

ಮಾರುಕಟ್ಟೆಗೆ ಹೊರಟವಳ ಹಾಗೆ ಹೇಳಿದಳು. ಈಗ ಹಾಲಿಲ್ಲದ ಚಹಾ ಬಿಟ್ಟರೆ ಬೇರೇನೂ ಗಂಟಲಿಗಿಳಿಯುತ್ತಿಲ್ಲ. ಒಬ್ಬಳಿಗೆ ಆಗುವಷ್ಟು ಜಾಗ ಮುಚ್ಚದೆ ಬಿಡಿ ಎಂದು ಸಮಿತಿಯವರಿಗೆ ಹೇಳು ತಮ್ಮಾ. ಅಷ್ಟು ಸಾಕು.

ಸ್ಟೇಷಿಯಾ


ಸೌತ್ ಬಾಸ್ಟನ್
೧೯ ಜೂನ್ ೧೯೧೨

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಅಮ್ಮನ ಹಠ ನಿನಗೆ ಹೊಸದೇ? ಅಪ್ಪ ಹೊಸ ಒಲೆ ತಂದಾಗ ಎಷ್ಟು ದಿನ ಮಾತು ಬಿಟ್ಟಿದ್ದಳು, ನೆನಪಿದೆಯಾ? ಹಸಿವಾದರೆ ತಾನೇ ಎದ್ದು ತಿನ್ನುತ್ತಾಳೆ. ಹಾಲಿಗೆ ಮೊಟ್ಟೆ ಒಡೆದು ಹಾಕಿ ಕೊಡು. ಡಾಕ್ಟರ್ ಮಕ್ಲೌಡ್ ಪ್ರಾಟೆಸ್ಟಂಟ್ ಆದರೇನು, ಒಳ್ಳೆಯ ಮನುಷ್ಯ, ಅವರನ್ನು ಒಮ್ಮೆ ಕರೆಸು.

ಚಪ್ಪಡಿಯ ವಿಷಯ ಸಮಿತಿ ತೀರ್ಮಾನಿಸಿದ್ದು. ಅದರಲ್ಲಿ ನನ್ನದೇನೂ ನಡೆಯುವುದಿಲ್ಲ. ಆದರೂ ಒಂದು ಮಾತು ಕೇಳು. ದ್ವೀಪದಲ್ಲಿ ರೈತ ಓಡೌಡ್‌ನ ಹಸುಗಳು ಇವತ್ತು ನಮ್ಮವರ ಎದೆಯ ಮೇಲೆ ಮೇಯುತ್ತಿವೆ. ಅದು ಸರಿಯಾ? ಹಸಿವೆ ತಾಳದೆ ಹಡಗು ಹತ್ತಿ ಬಂದವರು, ದಡ ಕಣ್ಣಿಗೆ ಕಾಣುತ್ತಿರುವಾಗಲೇ ಸತ್ತರು. ಬದುಕಿ ಉಳಿದವರು ಆ ಊರು ಕಟ್ಟಿದರು. ಇಲ್ಲಿ ಇನ್ನೂ ನಮ್ಮ ಹೆಸರು ಕೇಳಿದ ತಕ್ಷಣ ಕೆಲಸ ಖಾಲಿ ಇಲ್ಲ ಎನ್ನುವ ಮಾಲೀಕರಿದ್ದಾರೆ. ನದಿಯಲ್ಲಿ ಹೋಗುವ ಪ್ರತಿ ಹಡಗಿನವನೂ ಟೋಪಿ ತೆಗೆಯುವ ಹಾಗೆ ನಮ್ಮ ಶಿಲುಬೆ ನಿಲ್ಲಬೇಕು. ಎರಡು ಬ್ಯಾಂಡ್ ಸೆಟ್ ಬರುತ್ತಿವೆ!

ಇನ್ನೊಂದು ಸಂತೋಷದ ಸುದ್ದಿ. ಕಲ್ಲು ಸಾಗಿಸಿ ನಿಲ್ಲಿಸುವ ಕೆಲಸಕ್ಕೆ ಭಾವನನ್ನೇ ಮೇಸ್ತ್ರಿ ಮಾಡಿಸಿದ್ದೇನೆ. ನನ್ನ ಹೆಸರು ಸಾರಿದ್ದಕ್ಕೆ ಇದು ಬಹುಮಾನ ಎಂದು ಹೇಳು.

ನಿನ್ನ ತಮ್ಮ
ಮ್ಯಾಲಕಿ


ಡಗನ್ಸ್ ಲ್ಯಾಂಡಿಂಗ್
೧ ಜುಲೈ ೧೯೧೨

ಮ್ಯಾಲಕಿ,

ಹಾಲಿಗೆ ಮೊಟ್ಟೆ ಹಾಕಿ ಕೊಟ್ಟೆ. ಬೆಕ್ಕು ಕುಡಿಯಿತು.

ಅಮ್ಮ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಮಂಚವನ್ನು ಕಿಟಕಿಗೆ ತಿರುಗಿಸಿಕೊಂಡಿದ್ದಾಳೆ. ಮಂಜು ಸರಿದಾಗ ದ್ವೀಪ ಕಾಣುತ್ತದೆ. ಕಂಡಾಗ ಅಮ್ಮನ ತುಟಿ ಅಲುಗುತ್ತದೆ. ಜಪ ಮಾಡುತ್ತಿದ್ದಾಳೆಂದು ಹತ್ತಿರ ಹೋಗಿ ಕಿವಿಗೊಟ್ಟೆ. ಜಪವಲ್ಲ. "ಬಂದೆ ನೋನಿ, ಬಂದೆ" ಎನ್ನುತ್ತಿದ್ದಳು. ಡಾಕ್ಟರ್ ಬಂದು ನಾಡಿ ನೋಡಿ, "ಕಾಯಿಲೆ ಏನೂ ಇಲ್ಲಮ್ಮ, ಆದರೆ ಹೀಗೇ ಬಿಟ್ರೆ ತಿಂಗಳು ದಾಟೋದಿಲ್ಲ" ಎಂದು ಹೋದರು.

ಇದುವರೆಗೆ ನಾನು ಅಮ್ಮನ ನಂಬಿಕೆಯನ್ನು ನಂಬುತ್ತೇನೋ ಇಲ್ಲವೋ ಎಂದು ಯೋಚಿಸಿದವಳಲ್ಲ. ಮೊನ್ನೆ ಮಧ್ಯಾಹ್ನ ಫಿಂಟನ್‌ಗೆ ಬುತ್ತಿ ಕೊಡಲು ದೋಣಿಯಲ್ಲಿ ದ್ವೀಪಕ್ಕೆ ಹೋದೆ. ಬಾಗಿಲೆಂದರೆ ಅಲ್ಲಿ ಏನಿದೆ, ಎರಡು ಕಲ್ಲು ಕಂಬ ಅಷ್ಟೇ. ಅವುಗಳ ನಡುವೆ ದಾಟುವಾಗ ನನಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿದೆ. ದಾರಿಯಲ್ಲಿ ಮಗು ನಿಂತಿದ್ದರೆ ಸರಿಯುವುದಿಲ್ಲವೇ, ಹಾಗೆ. ಯಾರೂ ಇರಲಿಲ್ಲ. ಬುತ್ತಿ ಅಲ್ಲೇ ಇಟ್ಟು ಓಡಿ ಬಂದೆ. ಫಿಂಟನ್ ಸಂಜೆ ಬಂದು, "ಏನೇ, ದೆವ್ವಕ್ಕೂ ಊಟ ಹಾಕಿ ಬಂದ್ಯಾ?" ಎಂದು ಗೇಲಿ ಮಾಡಿದ.

ಇನ್ನೂ ಒಂದು ವಿಷಯವಿದೆ. ಫಾದರ್ ಕವನಾ ಹತ್ತಿರ ಹೋಗಿ ಅಂಗಲಾಚಿದೆ. ಅವರು ಆಶ್ಚರ್ಯಪಟ್ಟರು. "ಚಪ್ಪಡಿ ಹಾಸಿ ಮುಚ್ಚಬೇಕು ಅಂತ ಪಟ್ಟು ಹಿಡಿದೋನು ನಿನ್ನ ತಮ್ಮನೇ ಅಲ್ವೇನಮ್ಮ? ಬೇರೆಯವರು ಬರೀ ಬೇಲಿ ಸಾಕು ಅಂದಿದ್ರು," ಎಂದರು. ಸಮಿತಿ, ಸಮಿತಿ ಎಂದು ಬರೆದೆಯಲ್ಲೋ! ಯಾಕೆ ಹೀಗೆ ಮಾಡಿದೆ? ಒಂದು ತಂತಿ ಕಳಿಸು. ಅಮ್ಮ ಸಾಯುತ್ತಿದ್ದಾಳೆ.

ಸ್ಟೇಷಿಯಾ


ಸೌತ್ ಬಾಸ್ಟನ್
೯ ಜುಲೈ ೧೯೧೨

ಅಕ್ಕ,

ಹೌದು, ನಾನೇ. ಕೇಳಿದೆಯಲ್ಲ, ಹೇಳುತ್ತೇನೆ. ಹೇಳಿದ ಮೇಲೆ ನಗಬೇಡ.

ನಿನ್ನನ್ನು ಅಮ್ಮ ಯಾವತ್ತೂ ಕರೆದುಕೊಂಡು ಹೋಗಲಿಲ್ಲ, ನೀನು ಅಡಿಗೆಮನೆಯಲ್ಲಿ ಇರುತ್ತಿದ್ದೆ. ನನ್ನನ್ನು ಮಾತ್ರ ಪ್ರತಿ ಶರತ್ಕಾಲದಲ್ಲೂ ನೋನಿ ಸತ್ತ ದಿನ ದಡಕ್ಕೆ ಕರೆದೊಯ್ಯುತ್ತಿದ್ದಳು. ಅಮ್ಮನ ಗಂಟಲು ದ್ವೀಪದವರೆಗೆ ತಲುಪದು, ಗಂಡು ಹುಡುಗನ ಗಂಟಲು ದೊಡ್ಡದು ಎಂದು ನನ್ನಿಂದ ಕೂಗಿಸುತ್ತಿದ್ದಳು. "ಹೆದರಬೇಡ ನೋನಿ, ನಾವು ಬರ್ತೀವಿ" ಅಂತ. ಕೂಗಿದ ಮೇಲೆ ಅಮ್ಮ ಸುಮ್ಮನೆ ನಿಂತು ಉತ್ತರಕ್ಕೆ ಕಾಯುತ್ತಿದ್ದಳು. ನಾನು ಅವಳ ಲಂಗದಲ್ಲಿ ಮುಖ ಮುಚ್ಚಿಕೊಂಡು, ಉತ್ತರ ಬಾರದಿರಲಿ, ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಊರು ಬಿಟ್ಟದ್ದು ಕೆಲಸಕ್ಕಾಗಿ ಎಂದು ನೀವೆಲ್ಲ ತಿಳಿದಿದ್ದೀರಿ.

ಆ ನೆಲದ ಮೇಲೆ ಭಾರವಾದ ಕಲ್ಲು ಬಿದ್ದರೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಸತ್ತವರಿಗೆ ಗೌರವ, ನಮಗೆ ನೆಮ್ಮದಿ. ಅದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುತ್ತಿಲ್ಲ.

ಈಗ ಬದಲಾಯಿಸಲು ಸಾಧ್ಯವಿಲ್ಲ. ಚಪ್ಪಡಿಗಳು ಅಳತೆಗೆ ತಕ್ಕಂತೆ ಕಡಿದಾಗಿವೆ. ಇಪ್ಪತ್ತು ಮಂದಿ ಗಣ್ಯರ ಮುಂದೆ ಎದ್ದು ನಿಂತು, ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಕಾಯುತ್ತಿದ್ದಾಳೆ ಎಂದು ನಾನು ಹೇಗೆ ಹೇಳಲಿ? ಆಗಸ್ಟ್ ಹದಿನಾಲ್ಕರ ರೈಲಿಗೆ ಬರುತ್ತೇನೆ. ಅಲ್ಲಿಯವರೆಗೆ ಅಮ್ಮನಿಗೆ ಏನಾದರೂ ಹೇಳಿ ತಿನ್ನಿಸು.

ಮ್ಯಾಲಕಿ


ಡಗನ್ಸ್ ಲ್ಯಾಂಡಿಂಗ್
೨೦ ಜುಲೈ ೧೯೧೨

ಮ್ಯಾಲಕಿ,

ಮಂಗಳವಾರ ಶಿಲುಬೆಯ ಬುಡದ ಕಲ್ಲು ಇಳಿಸುವಾಗ ಹಗ್ಗ ಜಾರಿತು. ಫಿಂಟನ್‌ನ ಎಡಗಾಲು ಅದರಡಿ ಸಿಕ್ಕಿತು. ಮನೆಗೆ ತಂದು ಅಡಿಗೆಮನೆಯ ಮೇಜಿನ ಮೇಲೆ ಮಲಗಿಸಿದರು. ಡಾಕ್ಟರ್ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾನು ದೀಪ ಹಿಡಿದಿದ್ದೆ. ಬದುಕಿದ್ದಾನೆ.

ಆಮೇಲಿನದನ್ನು ಹೇಗೆ ಬರೆಯಲಿ. ಜ್ಞಾನಸ್ನಾನವಾದ ಮೈಯ ತುಂಡನ್ನು ಕಂಡಲ್ಲಿ ಎಸೆಯಲಾಗದು, ಮಂತ್ರಿಸಿದ ನೆಲಕ್ಕೇ ಸೇರಬೇಕು. ಫಿಂಟನ್‌ನ ಜೊತೆಗಾರ ಡಿನ್ನಿ ರೋಚ್ ಅದನ್ನು ಗೋಣಿಯಲ್ಲಿ ಸುತ್ತಿ ಇಗರ್ಜಿಯ ಸ್ಮಶಾನಕ್ಕೆ ಒಯ್ಯಲು ಹೊರಟ. ಆಗ ಒಳಗಿನ ಕೋಣೆಯ ಬಾಗಿಲು ತೆರೆಯಿತು. ವಾರಗಟ್ಟಲೆ ಏಳದಿದ್ದ ಅಮ್ಮ ಗೋಡೆ ಹಿಡಿದು ನಿಂತಿದ್ದಳು.

"ದ್ವೀಪಕ್ಕೆ ಒಯ್ಯಿ," ಎಂದಳು.

ಡಿನ್ನಿ ತಬ್ಬಿಬ್ಬಾದ. "ಅಜ್ಜಿ, ಇದು ಬರೀ ಕಾಲು. ಕಾಲು ಹೂತ್ರೆ ಹೆಣ ಹೂತ ಲೆಕ್ಕ ಆಗುತ್ತಾ?"

"ನಿಂತು ಕಾಯೋಕೆ ಕಾಲಲ್ಲದೆ ಇನ್ನೇನೋ ಬೇಕು, ಮಂಕೆ?"

ತನ್ನ ಒಳ್ಳೆಯ ಶಾಲನ್ನೇ ಸುತ್ತಲು ಕೊಟ್ಟಳು. ಫಾದರ್ ಗೊಣಗಿಕೊಂಡೇ ದೋಣಿ ಹತ್ತಿ ಹೋಗಿ ಪ್ರಾರ್ಥನೆ ಹೇಳಿದರಂತೆ. ಬಾಗಿಲ ಕಂಬದ ಪಕ್ಕದಲ್ಲೇ ಹೂತರು. ದೋಣಿ ಮರಳಿದ್ದನ್ನು ಕಿಟಕಿಯಿಂದ ನೋಡಿ ಅಮ್ಮ ಎರಡು ಆಲೂಗಡ್ಡೆ ತಿಂದು ಮಜ್ಜಿಗೆ ಕುಡಿದಳು. "ಮಲಗಿತು ಕಣೇ ಮಗು," ಎಂದು ಅತ್ತಳು. ನನ್ನ ಗಂಡ ಕಾಲು ಕಳೆದುಕೊಂಡು ನರಳುತ್ತಿರುವ ಮನೆಯಲ್ಲಿ ನನಗೆ ಸಂತೋಷವಾಯಿತು, ತಮ್ಮಾ. ನಾನು ಎಂಥವಳು?

ಸ್ಟೇಷಿಯಾ


ಸೌತ್ ಬಾಸ್ಟನ್
೨೭ ಜುಲೈ ೧೯೧೨

ಅಕ್ಕ,

ಆ ಕೆಲಸ ಕೊಡಿಸಿದವನು ನಾನೇ. ಭಾವನ ಮುಂದೆ ಹೇಗೆ ಬಂದು ನಿಲ್ಲಲಿ?

ಆದರೆ ನೀನು ನಿನ್ನನ್ನೇ ಬೈದುಕೊಳ್ಳಬೇಡ. ಇಬ್ಬರೂ ಉಳಿದರು, ಅದೇ ದೊಡ್ಡದು. ಅಮ್ಮನ ಮಾತು ಓದಿ ಎಷ್ಟೋ ದಿನಗಳ ನಂತರ ಗಟ್ಟಿಯಾಗಿ ನಕ್ಕೆ. ಇಲ್ಲಿ ಒಳ್ಳೆಯ ಮರದ ಕಾಲು ಮಾಡುವವನಿದ್ದಾನೆ, ಅದನ್ನು ಹಾಕಿಕೊಂಡವರು ಮದುವೆಯಲ್ಲಿ ಕುಣಿಯುವುದನ್ನು ಕಂಡಿದ್ದೇನೆ. ಭಾವನ ಉಳಿದ ಬಲಗಾಲಿನ ಅಳತೆ ಕಳಿಸು. ಕಾವಲಿನ ಚಿಂತೆಯೂ ಕಳೆಯಿತು. ಇನ್ನು ನಿಶ್ಚಿಂತೆಯಾಗಿ ಚಪ್ಪಡಿ ಹಾಸಬಹುದು.

ಮ್ಯಾಲಕಿ


ಡಗನ್ಸ್ ಲ್ಯಾಂಡಿಂಗ್
೪ ಆಗಸ್ಟ್ ೧೯೧೨

ಮ್ಯಾಲಕಿ,

ಚಿಂತೆ ಕಳೆಯಲಿಲ್ಲ. ಮನೆಯೊಳಗೇ ಬಂದು ಕೂತಿದೆ.

ಫಿಂಟನ್‌ನ ಗಾಯ ಒಣಗುತ್ತಿದೆ, ಜ್ವರ ಬಿಟ್ಟಿದೆ. ಗುರುವಾರ ಮಧ್ಯಾಹ್ನ ಬಿಸಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆ. "ಎಡಗಾಲಿಗೆ ಕಾಲುಚೀಲ ಹಾಕು," ಎಂದ. ತಮಾಷೆ ಎಂದುಕೊಂಡೆ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಪಾದ ಒದ್ದೆ ಹುಲ್ಲಿನ ಮೇಲಿದೆ ಸ್ಟೇಷಿಯಾ. ಬೆರಳೆಲ್ಲ ಮರಗಟ್ತಾ ಇವೆ. ಕೂರೋಣ ಅಂದ್ರೆ ಕೂರೋಕೆ ಬಿಡ್ತಿಲ್ಲ."

"ಯಾರು ಬಿಡ್ತಿಲ್ಲ?"

"ಯಾರೂ ಇಲ್ಲ. ಅದೇ ಭಯ. ಅಲ್ಲಿ ಯಾರೂ ಇಲ್ಲ."

ಡಾಕ್ಟರನ್ನು ಕರೆಸಿದೆ. ಕೈಕಾಲು ಕಳೆದುಕೊಂಡ ಎಲ್ಲರಿಗೂ ಹೀಗಾಗುತ್ತದಂತೆ, ನರಗಳಿಗೆ ಕಾಲು ಹೋದದ್ದು ತಿಳಿಯಲು ದಿನ ಹಿಡಿಯುತ್ತದಂತೆ. ನಿಜವೇ ಇರಬಹುದು. ಆದರೆ ಮಂಜು ಬಿದ್ದ ದಿನ ನೋವು ಜಾಸ್ತಿ, ದ್ವೀಪದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಅವನ ಹಾಸಿಗೆಯಲ್ಲಿ ನಡುಕ. ಎಲ್ಲರನ್ನೂ ಗೇಲಿ ಮಾಡುತ್ತಿದ್ದ ಮನುಷ್ಯ ಈಗ ಮಾತಾಡುವುದೇ ಇಲ್ಲ. ನಿನ್ನೆ ಒಂದೇ ಮಾತು ಹೇಳಿದ: "ಹದಿನೈದಕ್ಕೆ ಮುಚ್ಚಿಬಿಟ್ರೆ ನಾನು ಸತ್ತ ಮೇಲೂ ಇದು ಅಲ್ಲೇ ನಿಂತಿರುತ್ತೆ. ನಾನು ಮಲಗೋದು ಹೇಗೆ?" ಇವತ್ತು ಊಟದ ತಟ್ಟೆ ದೂರ ತಳ್ಳಿದ. ಡಿನ್ನಿಯನ್ನು ಗುಟ್ಟಾಗಿ ದೋಣಿ ಕೇಳಿದನಂತೆ.

ಇದನ್ನೆಲ್ಲ ಅಮ್ಮ ನೋಡುತ್ತಿದ್ದಾಳೆ. ರೊಟ್ಟಿಗೆ ಹಿಟ್ಟು ನಾದುತ್ತ, ಬಾಯಿ ಬಿಡದೆ ಅವನನ್ನೇ ನೋಡುತ್ತಿದ್ದಾಳೆ. ಅವಳು ಉಪವಾಸ ಬಿದ್ದಾಗಲೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ನಿನಗೆ ಇಪ್ಪತ್ತು ಮಂದಿ ಗಣ್ಯರ ಮುಂದೆ ನಾಚಿಕೆಯಾದರೆ ಆಗಲಿ. ಜಾಗ ಬಿಡಿಸು.

ಸ್ಟೇಷಿಯಾ


ಸೌತ್ ಬಾಸ್ಟನ್
೮ ಆಗಸ್ಟ್ ೧೯೧೨

ಅಕ್ಕ,

ಬಿಡಿಸಿದೆ!

ಸಭೆಯಲ್ಲಿ ಎದ್ದು ನಿಂತೆ. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಅಧ್ಯಕ್ಷರು ಗಡಿಯಾರ ನೋಡಿದರು. ನನ್ನ ಬಾಯಲ್ಲಿ ಬಂದದ್ದು ಬೇರೆಯೇ: "ಮಹನೀಯರೇ, ಅಷ್ಟು ಅಗಲ ಕಲ್ಲು ಹಾಸಿದರೆ ಮಳೆ ನೀರು ನಿಂತು, ಹಿಮ ಕಟ್ಟಿ, ಚಪ್ಪಡಿ ಸೀಳುತ್ತವೆ. ಬಾಗಿಲ ಹತ್ತಿರ ಆರಡಿ ಉದ್ದ ಮೂರಡಿ ಅಗಲದ ಮಣ್ಣು ಬಿಡಬೇಕು." ಎಲ್ಲರೂ ತಲೆಯಾಡಿಸಿದರು. ಸತ್ತ ಹುಡುಗಿಗೆ ಕೊಡದ ಜಾಗವನ್ನು ಮಳೆ ನೀರಿಗೆ ಕೊಟ್ಟರು. ಆ ಜಾಗದಲ್ಲಿ ಹೂಳಲು ಫಾದರ್ ಕವನಾ ಕಣ್ಣು ಮುಚ್ಚಿಕೊಂಡರೆ ಸಾಕು.

ಈ ಕಾಗದ ಸಿಕ್ಕ ಕೂಡಲೇ ಅಮ್ಮನಿಗೆ ಓದಿ ಹೇಳು. ಅವಸರವಿಲ್ಲ, ಇನ್ನೂ ಹತ್ತು ವರ್ಷ ರೊಟ್ಟಿ ಸುಡಲಿ, ಆಮೇಲೆ ನೋಡೋಣ ಎಂದು ಹೇಳು. ಭಾವನಿಗೂ ಹೇಳು. ಕಾಗದದ ಮೇಲೆ ಶಾಯಿ ಚೆಲ್ಲಿದ್ದಕ್ಕೆ ಕ್ಷಮಿಸು.

ಮ್ಯಾಲಕಿ


ಡಗನ್ಸ್ ಲ್ಯಾಂಡಿಂಗ್
೧೩ ಆಗಸ್ಟ್ ೧೯೧೨

ತಮ್ಮಾ,

ಅಮ್ಮ ಹೋದಳೆಂದು ನಾನು ಕೊಟ್ಟ ತಂತಿ ಸಿಕ್ಕಿರಬೇಕು. ಉಳಿದದ್ದನ್ನು ಎದುರಿಗೆ ಹೇಳಲು ನನ್ನಿಂದಾಗದು. ಡಿನ್ನಿ ಸ್ಟೇಷನ್ನಿನಲ್ಲಿ ಈ ಕಾಗದ ಕೊಡುತ್ತಾನೆ, ಮನೆಗೆ ಬರುವ ಮೊದಲು ಓದಿಕೊ.

ಶನಿವಾರ ಬೆಳಿಗ್ಗೆ ಅಮ್ಮ ರೊಟ್ಟಿ ಸುಟ್ಟು, ಫಿಂಟನ್‌ನ ಪಕ್ಕ ಹೋಗಿ ಕೂತಳು. "ಇನ್ನು ಸ್ವಲ್ಪ ತಡ್ಕೋ ಮಗ, ನಿನ್ನ ಕಾಲು ನಿಂಗೆ ಬಿಡಿಸಿಕೊಡ್ತೀನಿ," ಎಂದಳಂತೆ. ನಾನು ಹಾಲು ಕರೆಯಲು ಹೋಗಿದ್ದೆ. ಬರುವಷ್ಟರಲ್ಲಿ ಅವಳೂ ಇಲ್ಲ, ಪೂಜೆಗೆ ಉಡುವ ಕಪ್ಪು ಬಟ್ಟೆಯೂ ಇಲ್ಲ. ದಡದಲ್ಲಿ ದೋಣಿ ಇರಲಿಲ್ಲ. ಕಣ್ಣೆದುರಿನ ಕೈ ಕಾಣದಷ್ಟು ಮಂಜು. ಕೂಗಿದೆ, ಕೂಗಿದೆ. ಉತ್ತರ ಬರಲಿಲ್ಲ.

ಮಂಜು ಕರಗಿದ ಮೇಲೆ ಡಿನ್ನಿ ಹೋಗಿ ನೋಡಿದ. ಬಾಗಿಲ ಕಂಬಕ್ಕೆ ಒರಗಿ ಕೂತಿದ್ದಳಂತೆ, ಜಪಮಾಲೆ ಕೈಗೆ ಸುತ್ತಿಕೊಂಡು. ಉಪವಾಸದಿಂದ ಬಳಲಿದ ಹೃದಯ ದೋಣಿಗೆ ಹುಟ್ಟು ಹಾಕಿದ ಆಯಾಸಕ್ಕೆ ನಿಂತಿತು ಎಂದರು ಡಾಕ್ಟರ್. ಫಾದರ್ ಕವನಾ ಬಹಳ ಹೊತ್ತು ಯೋಚಿಸಿ, "ಅಕ್ಕನ ಗೋರಿ ನೋಡೋಕೆ ಹೋದ ಮುದುಕಿ ದಾರೀಲಿ ತೀರ್ಕೊಂಡ್ಳು, ಅಷ್ಟೇ," ಎಂದು ಅಲ್ಲೇ ಹೂಳಲು ಒಪ್ಪಿದರು. ಚಪ್ಪಡಿ ಹಾಸುವವರು ಪಕ್ಕದಲ್ಲಿ ಟೋಪಿ ತೆಗೆದು ಕಾಯುತ್ತಿದ್ದರು. ನಿನ್ನೆ ಮಣ್ಣು ಮಾಡಿ ಬಂದಾಗ ಫಿಂಟನ್ ನಿದ್ದೆ ಹೋಗಿದ್ದ. ಈಗ ಕಾಲು ಬೆಚ್ಚಗಿದೆ ಎನ್ನುತ್ತಾನೆ.

ಮಣ್ಣು ಮುಗಿಸಿ ಮನೆಗೆ ಬಂದರೆ ನಿನ್ನ ಕಾಗದ ಬಾಗಿಲಲ್ಲಿ ಬಿದ್ದಿತ್ತು. ಅವಸರವಿಲ್ಲ ಎಂದು ಬರೆದದ್ದು.

ಸ್ಟೇಷಿಯಾ


ಡಗನ್ಸ್ ಲ್ಯಾಂಡಿಂಗ್
೬ ಸೆಪ್ಟೆಂಬರ್ ೧೯೧೨

ಮ್ಯಾಲಕಿ,

ಅನಾವರಣ ಮುಗಿದ ಕೂಡಲೇ, ಬ್ಯಾಂಡು ನಿಲ್ಲುವ ಮೊದಲೇ, ನೀನು ರೈಲು ಹತ್ತಿದೆ. ದುಃಖಕ್ಕೆ ಹಾಗೆ ಮಾಡಿದೆ ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಇಬ್ಬರು ಸಿಮೆಂಟು ತೆಗೆದುಕೊಂಡು ದ್ವೀಪಕ್ಕೆ ಬಂದರು. ಅಮ್ಮನ ಗೋರಿಯ ಪಕ್ಕ ನೀರಿಗೆಂದು ಬಿಟ್ಟ ಖಾಲಿ ಜಾಗ ಮುಚ್ಚಬೇಕೆಂದು ಬಾಸ್ಟನ್ನಿನ ಕಾರ್ಯದರ್ಶಿಯ ಅಪ್ಪಣೆಯಂತೆ. ನಾನು ಹೂವಿಡಲು ಹೋಗಿದ್ದೆ. ಆ ಮಣ್ಣಿನ ಮೇಲೆ ಕೂತುಬಿಟ್ಟೆ. "ಏಳಮ್ಮ, ಕೆಲಸ ಇದೆ," ಎಂದರು. "ನನ್ನ ಮೇಲೇ ಸುರೀರಿ," ಎಂದೆ. ಸೋಮವಾರ ಮತ್ತೆ ಬರುತ್ತೇವೆ ಎಂದು ಹೋದರು.

ಈಗ ಅಲ್ಲಿ ನಿಂತಿರುವುದು ಯಾರೆಂದು ನಿನಗೆ ಗೊತ್ತು. ಇದೊಂದು ಜಾಗವೂ ಮುಚ್ಚಿದರೆ ಅವಳನ್ನು ಯಾರು ಬಿಡಿಸಬೇಕು? ಹೇಳು, ನೀನೇ ಕಳಿಸಿದೆಯಾ?

ಸ್ಟೇಷಿಯಾ


ಸೌತ್ ಬಾಸ್ಟನ್
೧೨ ಸೆಪ್ಟೆಂಬರ್ ೧೯೧೨

ಅಕ್ಕ,

ನಾನೇ ಕಳಿಸಿದೆ. ಸೋಮವಾರ ಅವರು ಬರುವ ಮೊದಲೇ ಬೇಡವೆಂದು ತಂತಿ ಕೊಟ್ಟೆ. ಯಾಕೆ ಕಳಿಸಿದೆ ಎಂದು ಮಾತ್ರ ಕೇಳು.

ಅನಾವರಣದ ದಿನ ಎಲ್ಲರೂ ಶಿಲುಬೆ ನೋಡುತ್ತಿದ್ದರು. ನೀನು ಆ ಆರಡಿ ಮಣ್ಣನ್ನೇ ನೋಡುತ್ತಿದ್ದೆ. ಅಮ್ಮ ಭಾವನನ್ನು ನೋಡುತ್ತಿದ್ದಳು ಎಂದು ಬರೆದಿದ್ದೆಯಲ್ಲ, ಅದೇ ನೋಟ ಇರಬೇಕು ಎನ್ನಿಸಿತು. ಒಂದು ಮಂಜಿನ ದಿನ ನೀನೂ ಹೋದೆಯೆಂದು ಭಾವ ಇನ್ನೊಂದು ತಂತಿ ಕೊಡುತ್ತಾನೆ ಎಂದು ನನ್ನ ಎದೆ ಒಡೆಯಿತು. ಮುಚ್ಚಿಬಿಟ್ಟರೆ ನೀನಾದರೂ ಉಳಿಯುತ್ತೀಯ ಎಂದು ಅಪ್ಪಣೆ ಬರೆದೆ. ಬರೆದ ಮೇಲೆ ಅಮ್ಮನ ಮುಖದ ಮೇಲೇ ಬಾಗಿಲು ಹಾಕಿದ ಹಾಗಾಯಿತು. ಅಂದಿನಿಂದ ಅನ್ನ ಸೇರುತ್ತಿಲ್ಲ, ಟ್ರಾಮಿನಲ್ಲಿ ಜನ ಇಳಿಯುವ ಸ್ಟಾಪು ಕೂಗುವುದನ್ನೂ ಮರೆಯುತ್ತಿದ್ದೇನೆ.

ಆ ಜಾಗ ನನ್ನದು, ಅಕ್ಕ. ಅದರ ಕಡೆ ನೀನು ಇನ್ನು ನೋಡಬೇಡ. ನೀನು ಭಾವನ ಪಕ್ಕ ಊರಿನ ಸ್ಮಶಾನದಲ್ಲಿ ಮಲಗು, ಅದೂ ಮುದುಕಿಯಾಗಿ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಯಾರೂ ಅಳುತ್ತ ದೋಣಿ ಹತ್ತಬೇಕಾಗಿಲ್ಲ. ನನ್ನ ಕಾಲ ಬಂದಾಗ ಬಂದು ಅಮ್ಮನನ್ನು ಬಿಡಿಸುತ್ತೇನೆ. ಒಂದು ದಿನವೂ ಮೊದಲು ಬರುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ.

ನನ್ನ ನಂತರ ಅಲ್ಲಿ ಜಾಗವಿಲ್ಲ, ನನ್ನನ್ನು ಬಿಡಿಸಲು ಯಾರೂ ಬರುವುದಿಲ್ಲ. ಅದೂ ಗೊತ್ತು. ಇದನ್ನು ಬರೆಯುವಾಗಲೇ ದೀಪ ಇನ್ನೊಂದು ಹಚ್ಚಿಕೊಂಡು ಕೂತಿದ್ದೇನೆ. ಆದರೂ ಅಕ್ಕ, ಸಿಮೆಂಟಿನವರು ತಂತಿ ನಂಬದೆ ಮತ್ತೆ ಬಂದರೆ ಈ ಕಾಗದ ತೋರಿಸಿ ಅವರನ್ನು ಹಿಂದಕ್ಕೆ ಕಳಿಸು.

ಮ್ಯಾಲಕಿ